ಬರೀ ಹಿಮೋಗ್ಲೋಬಿನ್ ಸಾಕಾ, ಮೇಡಂ?

ನಿವೃತ್ತಿಯಾದ ಮೇಲೆ ಜನ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಟೈಮ್ ಹೇಗೆ ಕಳೀತೀರಿ ಶಾರದಾ ಮೇಡಂ?" ಒಂಟಿಕೊಪ್ಪಲಿನ ನಮ್ಮ ರಸ್ತೆಯಲ್ಲಿ ಬೆಳಗ್ಗೆ ವಾಕಿಂಗ್ ಹೊರಟರೆ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಅವರನ್ನು ದಾಟಿ ಮುಂದೆ ಹೋದರೆ ಇನ್ನೊಬ್ಬರು ಏನೂ ಕೇಳದೆ ಜೇಬಿನಿಂದ ರಕ್ತ ಪರೀಕ್ಷೆಯ ರಿಪೋರ್ಟನ್ನೇ ತೆಗೆದು ಮುಖದ ಮುಂದೆ ಹಿಡಿಯುತ್ತಾರೆ. ಹೊಂಗೆ ಮರದ ಕೆಳಗೆ ನಿಂತು, ಕನ್ನಡಕ ಸರಿಮಾಡಿಕೊಂಡು ಓದುತ್ತೇನೆ. ನನ್ನ ಟೈಮ್ ಕಳೆಯುವುದು ಹೀಗೆ.

ನಾನು ಪೆಥಾಲಜಿ ಡಾಕ್ಟರು, ಅಂದರೆ ರೋಗಿಗಳ ಕಣ್ಣಿಗೆ ಬೀಳದ ಡಾಕ್ಟರು. ಮೈಸೂರಿನ ಒಂದು ಟ್ರಸ್ಟ್ ಆಸ್ಪತ್ರೆಯ ರಕ್ತ ಪರೀಕ್ಷೆಯ ವಿಭಾಗದಲ್ಲಿ ಕೆಲಸಕ್ಕೆ ಸೇರಿದೆ, ಅಲ್ಲಿಂದಲೇ ನಿವೃತ್ತಳಾದೆ. ನನ್ನ ಹತ್ತಿರ ಕಲಿತ ನಯನಾ ಈಗ ಸ್ವತಃ ಡಾಕ್ಟರಾಗಿ ಕಾಲೇಜುಗಳಲ್ಲಿ ಆರೋಗ್ಯ ಶಿಬಿರ ನಡೆಸುತ್ತಾಳೆ. ಹೋದ ತಿಂಗಳು ಅವಳು ಫೋನ್ ಮಾಡಿ ಒಂದು ಸಂಗತಿ ಹೇಳಿದಳು. ಹೇಳಿ ಮುಗಿಸಿ, "ಮೇಡಂ, ಇದನ್ನೆಲ್ಲ ನೀವು ಬರೀಲೇಬೇಕು. ಈಗ ಕೆಲಸಕ್ಕೆ ಬರೋ ಹುಡುಗ್ರಿಗೆ ಯಾವ ಟೆಸ್ಟ್ ಬರೀಬೇಕು ಅನ್ನೋದೇ ಗೊತ್ತಾಗ್ತಿಲ್ಲ" ಎಂದಳು. ಅವಳು ಹೇಳಿದ ಸಂಗತಿಗೆ ಆಮೇಲೆ ಬರುತ್ತೇನೆ. ಬಡ್ತಿ, ಸನ್ಮಾನ, ಹಾರ ತುರಾಯಿಗಳ ವಿಷಯ ಬರೆಯುವುದಿಲ್ಲ. ಅವು ಎಲ್ಲರಿಗೂ ಒಂದೇ ಥರ ಇರುತ್ತವೆ, ಓದುವವರಿಗೆ ಆಕಳಿಕೆ ಬರುತ್ತದೆ.

ಶುರು ಮಾಡಬೇಕಾದದ್ದು ನನ್ನ ಮೇಲಧಿಕಾರಿಯಾಗಿದ್ದ ಡಾಕ್ಟರ್ ರಂಗರಾಜು ಅವರಿಂದ. ಎತ್ತರದ ಆಳು, ಮಾತು ಕಡಿಮೆ, ಸಿಟ್ಟು ಜಾಸ್ತಿ. ವಾರ್ಡಿನಿಂದ ರಕ್ತದ ಟ್ಯೂಬಿನ ಜೊತೆ ಒಂದು ಚೀಟಿ ಬರುತ್ತಿತ್ತು. ಅದರಲ್ಲಿ ಇದ್ದಬದ್ದ ಪರೀಕ್ಷೆಗಳನ್ನೆಲ್ಲ ಬರೆದಿದ್ದರೆ ರಂಗರಾಜು ಅವರು ಫೋನ್ ಎತ್ತಿ ವಾರ್ಡಿನ ಡಾಕ್ಟರನ್ನೇ ಕರೆಸಿಕೊಳ್ಳುತ್ತಿದ್ದರು. "ಏನಪ್ಪಾ, ಏನ್ ತಿಳ್ಕೋಬೇಕು ನಿನಗೆ?" ಎಂದು ಕೇಳುತ್ತಿದ್ದರು. ಡಾಕ್ಟರು ತಡವರಿಸಿದರೆ, "ಏನ್ ತಿಳ್ಕೋಬೇಕು ಅಂತ ನಿನಗೇ ಗೊತ್ತಿಲ್ಲ ಅಂದ್ಮೇಲೆ ನಾನು ಏನಂತ ಹುಡುಕ್ಲಿ? ಹೋಗಿ ರೋಗಿನ ಮಾತಾಡ್ಸಿ ಬಾ" ಎಂದು ವಾಪಸ್ ಅಟ್ಟುತ್ತಿದ್ದರು. ಇಡೀ ಆಸ್ಪತ್ರೆ ಅವರಿಗೆ ಹೆದರುತ್ತಿತ್ತು. ನಾನೂ ಹೆದರುತ್ತಿದ್ದೆ. ಆದರೆ ಆ ಒಂದು ಪ್ರಶ್ನೆ ನನ್ನೊಳಗೆ ಇಳಿದುಬಿಟ್ಟಿತು. ರಕ್ತ ಪರೀಕ್ಷೆ ಎಂದರೆ ರಕ್ತಕ್ಕೆ ನಾವು ಕೇಳುವ ಪ್ರಶ್ನೆ. ನಾವು ನೆಟ್ಟಗೆ ಕೇಳದಿದ್ದರೆ ಅದು ನೆಟ್ಟಗೆ ಉತ್ತರ ಕೊಡುವುದಿಲ್ಲ.

ಆಗ ರಕ್ತಕಣಗಳನ್ನು ನಾವೇ ಎಣಿಸುತ್ತಿದ್ದೆವು. ಗೆರೆ ಕೊರೆದ ಗಾಜಿನ ಮೇಲೆ ಒಂದು ಹನಿ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಚೌಕಳಿ ಚೌಕಳಿಯಾಗಿ ಎಣಿಕೆ. ಎಣಿಸುವಾಗ ಯಾರಾದರೂ ಕಾಫಿಗೆ ಕರೆದರೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು. ಹಿಮೋಗ್ಲೋಬಿನ್ ನೋಡುವುದಕ್ಕೆ ರಕ್ತಕ್ಕೆ ಆಮ್ಲ ಬೆರೆಸಿ, ಅದರ ಬಣ್ಣವನ್ನು ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಹೋಲಿಸುತ್ತಿದ್ದೆವು. ಕಿಟಕಿಯಾಚೆ ಮೋಡ ಕವಿದರೆ ರೋಗಿಯ ಹಿಮೋಗ್ಲೋಬಿನ್ನೂ ಕೊಂಚ ಆಚೀಚೆ ಆಗುತ್ತಿತ್ತು ಎಂದು ನಾವು ನಗುತ್ತಿದ್ದೆವು.

ಆಮೇಲೆ ಮಿಷಿನ್ ಬಂತು. ಟ್ಯೂಬ್ ಇಟ್ಟರೆ ಸಾಕು, ಚಹಾ ಗುಟುಕರಿಸುವಷ್ಟರಲ್ಲಿ ಸಾಲು ಸಾಲು ಅಂಕಿ ಬರುತ್ತದೆ. ಹಿಮೋಗ್ಲೋಬಿನ್ ಎಷ್ಟು, ಕೆಂಪುಕಣ ಎಷ್ಟು, ಒಂದೊಂದು ಕಣದ ಗಾತ್ರ ಎಷ್ಟು, ಬಿಳಿಕಣದಲ್ಲಿ ಯಾವುದೆಷ್ಟು, ಪ್ಲೇಟ್‌ಲೆಟ್ ಎಷ್ಟು ಎಂದು ಎಲ್ಲವೂ ಇರುತ್ತದೆ. ನಮ್ಮ ಕಣ್ಣಿಗೆ ಬಿಡುವು ಸಿಕ್ಕಿತು, ಅದರ ಜೊತೆಗೆ ಒಂದು ಹೊಸ ಕಾಯಿಲೆಯೂ ಬಂತು. ಅಷ್ಟು ಅಂಕಿ ಕೊಟ್ಟರೂ ಎಲ್ಲರೂ ಓದುವುದು ಒಂದೇ ಅಂಕಿಯನ್ನು. ಗರ್ಭಿಣಿಯಾದರೆ ಹಿಮೋಗ್ಲೋಬಿನ್, ಜ್ವರವಾದರೆ ಪ್ಲೇಟ್‌ಲೆಟ್. ಉಳಿದವು ಮದುವೆ ಊಟದ ಎಲೆಯ ತುದಿಯ ಉಪ್ಪಿನ ಹಾಗೆ ಇದ್ದಲ್ಲೇ ಇರುತ್ತವೆ.

ಮಿಷಿನ್ ಹೇಳಿದ್ದೆಲ್ಲ ವೇದವಾಕ್ಯ ಎಂದು ನಂಬಿದವರ ಒಂದು ಪ್ರಸಂಗ ಹೇಳುತ್ತೇನೆ. ಡೆಂಗ್ಯೂ ಜೋರಾಗಿದ್ದ ಕಾಲ. ಮೆಡಿಸಿನ್ ವಾರ್ಡಿನ ಡಾಕ್ಟರೊಬ್ಬರು ಏದುಸಿರು ಬಿಡುತ್ತಾ ಬಂದರು. "ಮೇಡಂ, ಬೆಳಗ್ಗೆ ಹಿಮೋಗ್ಲೋಬಿನ್ ಸರಿಯಾಗೇ ಇತ್ತು, ಈಗ ಅರ್ಧಕ್ಕರ್ಧ ಇಳಿದಿದೆ. ಒಳಗೆಲ್ಲೋ ರಕ್ತಸ್ರಾವ ಆಗ್ತಿದೆ. ರಕ್ತ ರೆಡಿ ಮಾಡ್ಸಿ" ಎಂದರು. ನನಗೊಂದು ಅಭ್ಯಾಸವಿತ್ತು. ಅಂಕಿ ವಿಚಿತ್ರವಾಗಿ ಕಂಡರೆ ಲ್ಯಾಬಿನಿಂದ ಎದ್ದು ಹೋಗಿ ರೋಗಿಯ ಮುಖ ನೋಡಿ ಬರುತ್ತಿದ್ದೆ. "ಲ್ಯಾಬ್ ಡಾಕ್ಟರಿಗೆ ವಾರ್ಡಲ್ಲೇನು ಕೆಲಸ?" ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು, ಆಡಿಕೊಳ್ಳಲಿ. ಅವತ್ತೂ ಹೋದೆ. ಅರ್ಧ ರಕ್ತ ಕಳೆದುಕೊಂಡಿದ್ದಾನೆ ಎನ್ನಲಾದ ಮನುಷ್ಯ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಇಡ್ಲಿ ತಿನ್ನುತ್ತಿದ್ದ. ಚಟ್ನಿ ಸಾಲದು ಎಂದು ಹೆಂಡತಿಯ ಮೇಲೆ ಸಣ್ಣಗೆ ರೇಗುತ್ತಲೂ ಇದ್ದ. ಎಡಗೈಗೆ ಡ್ರಿಪ್ ಹೋಗುತ್ತಿತ್ತು. "ರಕ್ತ ಯಾವ ಕೈಯಿಂದ ತಗೊಂಡ್ರಪ್ಪಾ?" ಎಂದೆ. ಅದೇ ಎಡಗೈಯನ್ನು ತೋರಿಸಿದ. ಡ್ರಿಪ್ ಹೋಗುವ ಕೈಯಿಂದ ತೆಗೆದರೆ ರಕ್ತದ ಜೊತೆ ಸಲೈನ್ ನೀರೂ ಬರುತ್ತದೆ. ಬಲಗೈಯಿಂದ ತೆಗೆಸಿ ನೋಡಿದರೆ ಬೆಳಗಿನ ಅಂಕಿಯೇ ಇತ್ತು. ಡಾಕ್ಟರು ಪೆಚ್ಚಾಗಿ ನಕ್ಕರು. ರೋಗಿ ಮಾತ್ರ ಇನ್ನೊಂದು ಇಡ್ಲಿ ಕೇಳಿದ.

ಇನ್ನೊಂದು ಸಲ ಜಯಲಕ್ಷ್ಮಿಪುರಂನ ನಿವೃತ್ತ ಮೇಷ್ಟ್ರೊಬ್ಬರಿಗೆ ಹರ್ನಿಯಾ ಆಪರೇಷನ್ ಆಗಬೇಕಿತ್ತು. ಪ್ಲೇಟ್‌ಲೆಟ್ ತೀರಾ ಕಡಿಮೆ ಎಂದು ಮಿಷಿನ್ ಹೇಳಿತು. ಪ್ಲೇಟ್‌ಲೆಟ್ ಇಲ್ಲದಿದ್ದರೆ ಗಾಯದ ರಕ್ತ ನಿಲ್ಲುವುದಿಲ್ಲವಲ್ಲ, ಮನೆಯವರು ಗಾಬರಿಯಾಗಿ ಬೆಂಗಳೂರಿಗೆ ಹೊರಡಲು ಬಟ್ಟೆ ತುಂಬಿಕೊಂಡಿದ್ದರು. ನಾನು ಅದೇ ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ ನೋಡಿದೆ. ಪ್ಲೇಟ್‌ಲೆಟ್‌ಗಳು ಬೆಂದ ಸಬ್ಬಕ್ಕಿಯ ಹಾಗೆ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ರಕ್ತ ಹೆಪ್ಪುಗಟ್ಟದಿರಲೆಂದು ಟ್ಯೂಬಿನೊಳಗೆ ಹಾಕಿರುವ ಔಷಧಿ ಕೆಲವರ ರಕ್ತಕ್ಕೆ ಹೀಗೆ ಮಾಡುತ್ತದೆ. ಮಿಷಿನ್ ಪಾಪ, ಹತ್ತು ಅಂಟಿಕೊಂಡಿದ್ದರೆ ಒಂದು ಎಂದು ಎಣಿಸುತ್ತದೆ, ಇಲ್ಲವೇ ಎಣಿಸುವುದೇ ಇಲ್ಲ. ಬೇರೆ ಔಷಧಿಯ ಟ್ಯೂಬಿನಲ್ಲಿ ಮತ್ತೆ ತೆಗೆದಾಗ ಎಲ್ಲ ಸರಿಯಾಗಿತ್ತು. ಮೇಷ್ಟ್ರು ಆಪರೇಷನ್ ಮುಗಿಸಿಕೊಂಡು ಲ್ಯಾಬಿಗೆ ಬಂದು ಮಿಷಿನ್ನನ್ನು ಮೇಲಿಂದ ಕೆಳಗೆ ನೋಡಿದರು. "ನನ್ನ ಕ್ಲಾಸಲ್ಲಿದ್ದಿದ್ರೆ ಇದನ್ನ ಲೆಕ್ಕದಲ್ಲಿ ಫೇಲ್ ಮಾಡ್ತಿದ್ದೆ ಕಣಮ್ಮ" ಎಂದರು.

ಈ ಪ್ರಸಂಗಗಳನ್ನು ಹೇಳುವಾಗ ನನಗೆ ಜಂಬ ಬರುತ್ತದೆ, ಮುಚ್ಚಿಡುವುದಿಲ್ಲ. ಆದರೆ ನಿಜವಾಗಿ ಎದೆ ತುಂಬಿ ಬರುವುದು ಶಶಿಕಲಾ ಎಂಬ ಹುಡುಗಿಯನ್ನು ನೆನೆದಾಗ.

ನಮ್ಮ ಆಸ್ಪತ್ರೆಯಲ್ಲಿ ಆಗ ಒಂದು ಪದ್ಧತಿ ಇತ್ತು. ಬಸುರಿ ಹೆಂಗಸರಿಗೆ ಹಿಮೋಗ್ಲೋಬಿನ್ ಮಾತ್ರ ನೋಡುವುದು. ಬಡವರು ಬರುವ ಜಾಗ, ಖರ್ಚು ಉಳಿಯಲಿ ಎಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಪದ್ಧತಿ. ತಮಾಷೆ ಏನೆಂದರೆ ಮಿಷಿನ್ನಿಗೆ ಈ ಉಳಿತಾಯ ಗೊತ್ತಿಲ್ಲ. ಅದು ಎಂದಿನಂತೆ ಎಲ್ಲವನ್ನೂ ಎಣಿಸಿಯೇ ಎಣಿಸುತ್ತಿತ್ತು. ಕೇಳಿದ್ದು ಹಿಮೋಗ್ಲೋಬಿನ್ ತಾನೇ ಎಂದು ನಮ್ಮವರು ಅದೊಂದನ್ನು ರಿಪೋರ್ಟಿಗೆ ಇಳಿಸಿ, ಉಳಿದದ್ದನ್ನು ಪರದೆಯಿಂದ ಅಳಿಸುತ್ತಿದ್ದರು.

ಒಂದು ಬೆಳಗ್ಗೆ ನಮ್ಮ ಟೆಕ್ನಿಷಿಯನ್ ಹೀಗೆ ಅಳಿಸುವ ಹೊತ್ತಿಗೆ ನಾನು ಅವನ ಬೆನ್ನ ಹಿಂದೆ ನಿಂತಿದ್ದೆ. ಹಿಮೋಗ್ಲೋಬಿನ್ ಕಡಿಮೆ ಇತ್ತು, ಅದೇನು ಹೊಸದಲ್ಲ. ಆದರೆ ಕೆಂಪುಕಣಗಳ ಸಂಖ್ಯೆ ಗಟ್ಟಿಮುಟ್ಟಾದ ಗಂಡಸಿಗಿಂತಲೂ ಹೆಚ್ಚಿತ್ತು, ಒಂದೊಂದು ಕಣ ಮಾತ್ರ ತೀರಾ ಚಿಕ್ಕದು. "ಅಳಿಸ್ಬೇಡ, ತಡಿ" ಎಂದೆ. ಕಬ್ಬಿಣದಂಶ ಸಾಲದೆ ರಕ್ತ ಕಡಿಮೆಯಾದವರಲ್ಲಿ ಕಣ ಚಿಕ್ಕದಾಗುತ್ತದೆ, ಜೊತೆಗೆ ಸಂಖ್ಯೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಹಿಟ್ಟು ಸಾಲದ ಮನೆಯಲ್ಲಿ ರೊಟ್ಟಿ ಸಣ್ಣದೂ ಆಗುತ್ತದೆ, ಕಡಿಮೆಯೂ ಆಗುತ್ತದೆ. ಇಲ್ಲಿ ರೊಟ್ಟಿ ಪುಟ್ಟದು, ಆದರೆ ರಾಶಿ ರಾಶಿ ಇವೆ. ಇದು ಹಿಟ್ಟಿನ ಕೊರತೆಯಲ್ಲ, ಲಟ್ಟಿಸುವ ಕೈಯ ಗುಣ ಎಂದು ಅನುಮಾನ ಬಂತು. ಹುಟ್ಟಿನಿಂದಲೇ ಬರುವ ಗುಣ ಅದು.

ಎದ್ದು ಹೊರಗೆ ಹೋದೆ. ಹೆರಿಗೆ ವಿಭಾಗದ ಬೆಂಚಿನ ಮೇಲೆ ಶಶಿಕಲಾ ತಲೆ ಬಗ್ಗಿಸಿ ಕೂತಿದ್ದಳು. ಎಳೆ ಬಸುರಿ, ಇನ್ನೂ ಹೊಟ್ಟೆ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಅವಳ ಅತ್ತೆ ಪುಟ್ಟತಾಯಮ್ಮ. ಅವರನ್ನು ನೋಡಿದ ತಕ್ಷಣ ಗುರುತು ಸಿಕ್ಕಿತು. ಬೋಗಾದಿಯಿಂದ ತಳ್ಳುಗಾಡಿಯಲ್ಲಿ ಸೊಪ್ಪು ತಂದು ಜಯಲಕ್ಷ್ಮಿಪುರಂ ಬೀದಿಗಳಲ್ಲಿ ಮಾರುತ್ತಿದ್ದ ಹೆಂಗಸು. ಅವರು ಕೂಗುತ್ತಾ ಬಂದರೆ ನಾಯಿಗಳೂ ದಾರಿ ಬಿಡುತ್ತಿದ್ದವು.

"ನೋಡಿ ತಾಯಿ, ನೀವಾದ್ರೂ ಬುದ್ಧಿ ಏಳಿ ಇವ್ಳಿಗೆ" ಎಂದು ಪುಟ್ಟತಾಯಮ್ಮ ಶುರು ಮಾಡಿದರು. "ಮದ್ವೆ ಆದಾಗಿಂದ ರಕ್ತ ಇಲ್ಲ, ರಕ್ತ ಇಲ್ಲ ಅಂತಾವ್ರೆ. ಡಾಕ್ಟ್ರು ಕೊಟ್ಟ ಮಾತ್ರೆ ನುಂಗಾಕಿಲ್ಲ ಇವ್ಳು, ಚರಂಡಿಗೆ ಎಸೀತಾಳೆ. ನಾನು ಕೊಡೋ ಸೊಪ್ಪು ತಿಂದು ಊರವ್ರ ಮನೆ ಸೊಸೆದೀರೆಲ್ಲ ಕೆಂಪಗೆ ಆದ್ರು, ನನ್ನ ಮನೇಲೇ ಇಂಗೆ ಅಂದ್ರೆ ಜನ ಏನಂದಾರು?"

"ನುಂಗ್ತೀನಿ ಅತ್ತೆ" ಎಂದಳು ಶಶಿ, ತಲೆ ಎತ್ತದೆ.

"ನುಂಗಿದ್ರೆ ರಕ್ತ ಎಲ್ ಓಯ್ತೇ?"

ನಾನು ಶಶಿಯನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದೆ. ಕುರ್ಚಿಯ ತುದಿಯಲ್ಲಿ ಕೂತು ಅವಳು ಅಳತೊಡಗಿದಳು. "ದೇವ್ರಾಣೆ ಮೇಡಂ, ಒಂದಿನನೂ ಬಿಟ್ಟಿಲ್ಲ. ಹೊಟ್ಟೆ ತೊಳಸುತ್ತೆ, ಆದ್ರೂ ನುಂಗ್ತೀನಿ. ಹೇಳೋಕೆ ನಾಚ್ಕೆ ಆಗುತ್ತೆ... ಕಕ್ಕಸ್ಸಿಗೆ ಹೋದ್ರೆ ಕರ್‍ರಗೆ ಹೋಗುತ್ತೆ. ಮಾತ್ರೆ ಎಸೆದಿದ್ರೆ ಹಂಗಾಗುತ್ತಾ ಮೇಡಂ?"

ಇಲ್ಲ, ಹಾಗಾಗುವುದಿಲ್ಲ. ಕಬ್ಬಿಣದ ಮಾತ್ರೆ ನುಂಗುವವರಿಗೆ ಹಾಗಾಗುತ್ತದೆ. ತನ್ನ ಸತ್ಯಕ್ಕೆ ಇಂಥ ಸಾಕ್ಷಿಯನ್ನು ಹೇಳಿಕೊಳ್ಳಬೇಕಾಯಿತಲ್ಲ ಆ ಹುಡುಗಿ ಎಂದು ನನಗೆ ಸಂಕಟವಾಯಿತು. "ನಾನು ನಂಬ್ತೀನಿ ಕಣಮ್ಮ" ಎಂದೆ. ಅವಳು ಮೊದಲ ಸಲ ತಲೆಯೆತ್ತಿ ನೋಡಿದಳು.

ಆಮೇಲೆ ನಾನು ಕೇಳಿದ ಪ್ರಶ್ನೆ ಯಾವ ಚೀಟಿಯಲ್ಲೂ ಇರುವುದಿಲ್ಲ. ಆದರೆ ನಮ್ಮ ಕಡೆ ಕೆಲಸ ಮಾಡುವವರು ಇದನ್ನು ಕೇಳದೆ ಬಿಡಬಾರದು. "ಸಂಬಂಧದಲ್ಲೇ ಮದುವೆ ಆಗಿದ್ಯಾ?" ಎಂದೆ. "ಹೂಂ ಮೇಡಂ. ಅತ್ತೆ ಅಂದ್ರೆ ನಮ್ಮಪ್ಪನ ಸ್ವಂತ ತಂಗಿ" ಎಂದಳು. ಸ್ವಂತ ತಂಗಿಯೇನಾ ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡೆ.

ಯಾಕೆ ಎಂದು ಹೇಳುತ್ತೇನೆ. ನನಗೆ ಅನುಮಾನವಿದ್ದದ್ದು ಥಲಸ್ಸೀಮಿಯಾ ಎಂಬುದರ ಬಗ್ಗೆ. ಅದು ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ಮಾತ್ರ ಬಂದಿದ್ದರೆ ಅಂಥ ತೊಂದರೆಯಿಲ್ಲ. ಕಣ ಚಿಕ್ಕದಿರುತ್ತದೆ, ಹಿಮೋಗ್ಲೋಬಿನ್ ತುಸು ಕೆಳಗಿರುತ್ತದೆ, ಬದುಕು ಎಲ್ಲರ ಹಾಗೇ ನಡೆಯುತ್ತದೆ. ಇಬ್ಬರಿಂದಲೂ ಬಂದರೆ ಮಾತ್ರ ಕಥೆಯೇ ಬೇರೆ. ಮಗು ಹುಟ್ಟಿ ಕೆಲವೇ ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ, ಆಮೇಲೆ ಜೀವಮಾನವಿಡೀ ಬೇರೆಯವರ ರಕ್ತ ಹಾಕಿಸಿಕೊಂಡೇ ಬದುಕಬೇಕು. ಶಶಿಗೆ ಇದು ಅವಳಪ್ಪನಿಂದ ಬಂದಿದ್ದರೆ ಅಪ್ಪನ ತಂಗಿಗೂ ಇರಬಹುದು. ತಂಗಿಗಿದ್ದರೆ ಅವರ ಮಗನಿಗೂ ಇರಬಹುದು. ಆ ಮಗನೇ ಶಶಿಯ ಗಂಡ. ಹಾಗಿದ್ದರೆ ಹೊಟ್ಟೆಯಲ್ಲಿರುವ ಮಗುವಿನ ಗತಿ ಏನು?

ಹೆರಿಗೆ ವಿಭಾಗದ ಡಾಕ್ಟರ್ ಸುಜಾತಾ ನನ್ನ ಓರಗೆಯವರು. ಓಡಿ ಹೋಗಿ ವಿಷಯ ಹೇಳಿದೆ. "ಅಯ್ಯೋ ಶಾರದಾ, ನಾವು ಬರೀ ಹಿಮೋಗ್ಲೋಬಿನ್ ನೋಡ್ಕೊಂಡು ಮಾತ್ರೆ ಮೇಲೆ ಮಾತ್ರೆ ಕೊಡ್ತಾನೇ ಇದ್ವಲ್ಲ" ಎಂದು ಹಣೆ ಒತ್ತಿಕೊಂಡರು. ನಂತರ ಒಂದು ಕ್ಷಣವನ್ನೂ ದಂಡ ಮಾಡಲಿಲ್ಲ. ಕಬ್ಬಿಣದಂಶ ಎಷ್ಟಿದೆ ಎಂಬ ಪರೀಕ್ಷೆ, ಹಿಮೋಗ್ಲೋಬಿನ್ನಿನಲ್ಲಿ ಯಾವ ಜಾತಿಯದು ಎಷ್ಟಿದೆ ಎಂಬ ಪರೀಕ್ಷೆ, ಇವೆರಡನ್ನು ಮಾತ್ರ ಬರೆದರು. ಕಬ್ಬಿಣ ಬೇಕಾದಷ್ಟಿತ್ತು. ಎರಡನೆಯದು ನನ್ನ ಅನುಮಾನವನ್ನೇ ಎತ್ತಿಹಿಡಿಯಿತು.

ಈಗ ಗಂಡನ ರಕ್ತ ಬೇಕು. ಅವನಿಗೆ ಹಿಮೋಗ್ಲೋಬಿನ್ ಮಾತ್ರ ನೋಡಿದರೆ ಏನೂ ತಿಳಿಯುವುದಿಲ್ಲ, ಗಂಡಸರಲ್ಲಿ ಅದು ಬಹಳ ಸಲ ಹೆಚ್ಚು ಕಡಿಮೆ ಸರಿಯಾಗೇ ಕಾಣುತ್ತದೆ. ಪೂರ್ತಿ ಎಣಿಕೆಯೇ ಬೇಕು. ಪುಟ್ಟತಾಯಮ್ಮನಿಗೆ ಹೇಳಿದರೆ ಅವರು ಸೆರಗು ಸಿಕ್ಕಿಸಿ ಜಗಳಕ್ಕೇ ನಿಂತರು. "ನನ್ ಮಗಂಗೆ ಏನಾಗದೆ? ಕಲ್ಲುಗುಂಡಿನಂಗವ್ನೆ. ಬಸುರಿ ಇವ್ಳು, ರಕ್ತ ಅವುಂದಾ?"

"ಮಗು ಇಬ್ಬರದ್ದೂ ಅಲ್ವಾ ಪುಟ್ಟತಾಯಮ್ಮ?" ಎಂದೆ. "ನಿಮ್ಮ ಮೊಮ್ಮಗುವಿನ ಪ್ರಶ್ನೆ ಇದು. ತಡ ಮಾಡಿದ್ರೆ ಯಾರಿಗೂ ಏನೂ ಮಾಡೋಕಾಗಲ್ಲ."

ಅವರು ಸಿಕ್ಕಿಸಿದ್ದ ಸೆರಗನ್ನು ಬಿಟ್ಟರು. ಅವರ ಮಗ ಮಂಜುನಾಥ ಆಗ ಬೋಗಾದಿಯ ಹೊಸ ಬಡಾವಣೆಯೊಂದರಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ. ತಾಯಿ ಫೋನ್ ಮಾಡಿ ಗದರಿದರೋ ಅತ್ತರೋ ಗೊತ್ತಿಲ್ಲ, ಮಧ್ಯಾಹ್ನದೊಳಗೆ ಬಂದ. ಗೋಡೆ ಕೊರೆದ ದೂಳು ಮೊಣಕೈವರೆಗೂ ಮೆತ್ತಿತ್ತು. ಸೂಜಿ ಕಂಡರೆ ಭಯ ಎಂದು ಆಮೇಲೆ ತಿಳಿಯಿತು, ಪಾಪ, ಕಣ್ಣು ಮುಚ್ಚಿಕೊಂಡೇ ಕೈ ಕೊಟ್ಟ.

ಟ್ಯೂಬನ್ನು ನಾನೇ ಮಿಷಿನ್ನಿಗಿಟ್ಟೆ. ಪರದೆಯ ಮೇಲೆ ಅಂಕಿಗಳು ಬಂದವು. ಕಣ ರಾಶಿ ರಾಶಿ, ಗಾತ್ರ ಪುಟ್ಟದು. ಹೆಂಡತಿಯ ರಕ್ತಕ್ಕೆ ಕನ್ನಡಿ ಹಿಡಿದ ಹಾಗಿತ್ತು. ಇಷ್ಟು ವರ್ಷ ಅಂಕಿ ನೋಡಿದವಳು ನಾನು, ಅವತ್ತು ಮಾತ್ರ ನನ್ನ ಅಂದಾಜು ತಪ್ಪಾಗಲಿ ಎಂದು ಬೇಡಿಕೊಂಡಿದ್ದೆ. ತಪ್ಪಾಗಲಿಲ್ಲ, ಹಿಮೋಗ್ಲೋಬಿನ್ನಿನ ಜಾತಿಯ ಪರೀಕ್ಷೆಯೂ ಅದನ್ನೇ ಹೇಳಿತು.

ಮೂವರನ್ನೂ ಕೂರಿಸಿಕೊಂಡು ಸುಜಾತಾ ಮತ್ತು ನಾನು ವಿವರಿಸಿದೆವು. ಮಗುವಿಗೆ ಇಬ್ಬರಿಂದಲೂ ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು. ಬೆಂಗಳೂರಿಗೆ ಹೋದರೆ ಮಾಸಿನ, ಅಂದರೆ ಪ್ಲಾಸೆಂಟಾದ, ಒಂದು ಚೂರು ತೆಗೆದು ಪರೀಕ್ಷೆ ಮಾಡುತ್ತಾರೆ. ಬಸಿರು ಮುಂದುವರಿಸುವುದೋ ಬೇಡವೋ ಎಂದು ತೀರ್ಮಾನಿಸಬೇಕಾದ್ದರಿಂದ ಅದು ಈ ಮೊದಲ ತಿಂಗಳುಗಳಲ್ಲೇ ಆಗಬೇಕು. ಮಂಜುನಾಥ ಹೆಂಡತಿಯ ಕೈ ಹಿಡಿದುಕೊಂಡ. ತಾಯಿಯ ಎದುರು ಅವನು ಹಾಗೆ ಹಿಡಿದದ್ದು ಬಹುಶಃ ಮೊದಲ ಸಲ, ಏಕೆಂದರೆ ಶಶಿ ಗಾಬರಿಯಾಗಿ ಅತ್ತೆಯ ಮುಖ ನೋಡಿದಳು.

ಪುಟ್ಟತಾಯಮ್ಮ ಇಬ್ಬರನ್ನೂ ನೋಡುತ್ತಿರಲಿಲ್ಲ. "ಇದು ಇವ್ನಿಗೆ ಎಲ್ಲಿಂದ ಬಂತು ತಾಯಿ?" ಎಂದು ಕೇಳಿದರು. ನಿಮ್ಮಿಂದ ಇರಬಹುದು, ನಿಮ್ಮ ಯಜಮಾನರಿಂದಲೂ ಇರಬಹುದು ಎಂದೆ. ಅವರು ರವಿಕೆಯ ತೋಳು ಮೇಲೆ ಸರಿಸಿ, ಬೀದಿ ಬೀದಿ ಗಾಡಿ ತಳ್ಳಿ ಗಟ್ಟಿಯಾದ ಕೈಯನ್ನು ಮೇಜಿನ ಮೇಲೆ ಚಾಚಿದರು. "ನಂದೂ ತಗಂಡ್ಬುಡಿ" ಎಂದರು.

ಅವರದ್ದೂ ಅದೇ ಆಗಿತ್ತು. ಹೇಳಿದಾಗ ಪುಟ್ಟತಾಯಮ್ಮ ಸರಿಸಿದ್ದ ರವಿಕೆಯ ತೋಳನ್ನು ಕೆಳಗೆ ಎಳೆದುಕೊಂಡರು. ಬೀದಿಯ ತುದಿಯವರೆಗೂ ಕೇಳಿಸುವ ಆ ಗಂಟಲಿನಿಂದ ಆಮೇಲೆ ಬಂದ ದನಿ ನನಗೂ ಸರಿಯಾಗಿ ಕೇಳಿಸಲಿಲ್ಲ, ಬಗ್ಗಿ ಕೇಳಬೇಕಾಯಿತು. "ನಾನು ಮದ್ವೆ ಆಗಿ ಬಂದಾಗ ನಮ್ಮತ್ತೆ ನನ್ನ ರಕ್ತ ಇಲ್ದೋಳು, ರಕ್ತ ಇಲ್ದೋಳು ಅಂತ ಹತ್ ಜನದ ಮುಂದೆ ಆಡ್ಕತಿದ್ಲು ಕಣವ್ವ. ಕೆಲ್ಸ ಕದಿಯೋಕೆ ಸುಸ್ತು ಅಂತೀನಿ ಅಂತಿದ್ಲು. ನಾನು ಸೊಪ್ಪು ಮಾರಾಕೆ ನಿಂತಿದ್ದೇ ಅವ್ಳ ಮುಂದೆ ಗಟ್ಟಿಗಿತ್ತಿ ಅನ್ನಿಸ್ಕೊಳಾಕೆ. ಈಗ ನಮ್ಮಣ್ಣನ ಮಗೀಗೆ ನಾನೂ ಅದನ್ನೇ ಅಂದ್ಬುಟ್ನಲ್ಲ." ಆಮೇಲೆ ಶಶಿಯ ತಲೆಯನ್ನು ಎದೆಗೆ ಒತ್ತಿಕೊಂಡು ಎಲ್ಲರ ಎದುರೇ ಅತ್ತುಬಿಟ್ಟರು. ಸುಜಾತಾ ಕಿಟಕಿಯ ಕಡೆ ತಿರುಗಿಕೊಂಡರು. ನಾನೂ ಅತ್ತೆ, ಅದರಲ್ಲಿ ನಾಚಿಕೆಯೇನಿಲ್ಲ.

ಬೆಂಗಳೂರಿಗೆ ಮೂವರೂ ಹೋಗಿ ಬಂದರು. ಫಲಿತಾಂಶ ಬರುವವರೆಗೆ ಪುಟ್ಟತಾಯಮ್ಮ ದಿನಾ ಗಾಡಿಯನ್ನು ಆಸ್ಪತ್ರೆಯ ಗೇಟಿನ ಹತ್ತಿರ ನಿಲ್ಲಿಸಿ ಒಳಗೆ ಬಂದು, ಲ್ಯಾಬಿನ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ನಾನು ಇಲ್ಲ ಎಂದು ತಲೆಯಾಡಿಸಿದರೆ ಹೊರಟು ಹೋಗುತ್ತಿದ್ದರು. ಆ ದಿನಗಳಲ್ಲಿ ಅವರ ಕೂಗು ಜಯಲಕ್ಷ್ಮಿಪುರಂನಲ್ಲಿ ಕೇಳಿಸಲಿಲ್ಲವಂತೆ. ಸೊಪ್ಪಿನವರಿಗೆ ಹುಷಾರಿಲ್ಲವೇನೋ ಎಂದು ಮನೆಮನೆಯವರು ಮಾತಾಡಿಕೊಂಡರಂತೆ.

ಬೆಂಗಳೂರಿನಿಂದ ಫೋನ್ ಬಂದಾಗಲೂ ಅವರು ಬಾಗಿಲಲ್ಲೇ ಇದ್ದರು. ಫೋನ್ ಇಟ್ಟು ನಾನು ತಲೆಯೆತ್ತಿದೆ. ಅವರ ಕೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. "ಒಂದು ಕಡೆಯಿಂದ ಮಾತ್ರ ಬಂದಿದೆ ಪುಟ್ಟತಾಯಮ್ಮ" ಎಂದೆ. ಅವರಿಗೆ ಅರ್ಥವಾಗಲಿಲ್ಲ. "ನಿಮ್ಮ ಹಾಗೇ ಇರುತ್ತೆ ಮಗು. ನಿಮ್ಮ ಹಾಗೇ ಗಾಡಿ ತಳ್ಳುತ್ತೆ, ನಿಮ್ಮ ಹಾಗೇ ಜಗಳ ಆಡುತ್ತೆ" ಎಂದೆ. ಆ ಹೆಂಗಸು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು, ನಗುತ್ತಾ ಅಳುತ್ತಾ ನನಗೆ ಕೈ ಮುಗಿದರು. ಅವತ್ತು ನಮ್ಮ ಲ್ಯಾಬಿನವರೆಲ್ಲರ ಮನೆಯಲ್ಲೂ ದಂಟಿನ ಸೊಪ್ಪಿನ ಹುಳಿಯಂತೆ. ಗಾಡಿಯನ್ನೇ ಖಾಲಿ ಮಾಡಿ ಹೋಗಿದ್ದರು.

ಹೆಣ್ಣು ಮಗು ಹುಟ್ಟಿತು. ಚಂದನಾ ಎಂದು ಹೆಸರಿಟ್ಟರು.

ಅದಾದ ಮೇಲೆ ನಾನು ಆಡಳಿತದವರ ಜೊತೆ ಜಗಳಕ್ಕೆ ನಿಂತೆ. ಮೊದಲ ಸಲ ಬರುವ ಪ್ರತಿ ಬಸುರಿಗೂ ಪೂರ್ತಿ ಎಣಿಕೆಯನ್ನೇ ರಿಪೋರ್ಟಿನಲ್ಲಿ ಕೊಡಬೇಕು, ಹಿಮೋಗ್ಲೋಬಿನ್ನಿನ ದರಕ್ಕೇ ಕೊಡಬೇಕು ಎಂದೆ. "ಬರೀ ಹಿಮೋಗ್ಲೋಬಿನ್ ಸಾಕಾಗಲ್ವಾ ಮೇಡಂ? ಇಷ್ಟು ವರ್ಷ ನಡೆದಿಲ್ವಾ?" ಎಂದರು ಕಾರ್ಯದರ್ಶಿಗಳು. "ಮಿಷಿನ್ ಹೇಗೂ ಎಣ್ಸುತ್ತೆ ಸಾರ್. ಎಣಿಸಿದ್ದನ್ನ ಅಳಿಸೋದು ಯಾವ ಸೀಮೆ ಉಳಿತಾಯ?" ಎಂದೆ. ಸುಜಾತಾ ನನ್ನ ಪಕ್ಕದಲ್ಲಿ ಕಲ್ಲಿನಂತೆ ಕೂತಿದ್ದರು, ಎದ್ದು ಹೋಗುವ ಲಕ್ಷಣವೇ ಕಾಣಲಿಲ್ಲ. ಕೊನೆಗೆ ಕಾರ್ಯದರ್ಶಿಗಳು ಒಪ್ಪಿದರು. ರಂಗರಾಜು ಅವರು ಆಗ ನಿವೃತ್ತರಾಗಿ ಮನೆಯಲ್ಲಿದ್ದರು. ಹೋಗಿ ಹೇಳಿದೆ. "ಹೂಂ" ಎಂದರು. ಅವರ ಬಾಯಿಂದ ಬಂದ ಆ ಹೂಂ ನನಗೆ ಸಿಕ್ಕ ದೊಡ್ಡ ಸನ್ಮಾನ.

ಹೊಸದಾಗಿ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ಹೆಚ್ಚು ಟೆಸ್ಟ್ ಬರೆದವರು ದೊಡ್ಡ ಡಾಕ್ಟರಲ್ಲ, ಕಡಿಮೆ ಬರೆದವರು ಬಡವರ ಬಂಧುವೂ ಅಲ್ಲ. ಬರೆಯುವ ಮುಂಚೆ ಏನು ತಿಳಿಯಬೇಕು ಎಂದು ನಿಮ್ಮನ್ನು ನೀವು ಕೇಳಿಕೊಳ್ಳಿ. ಬಂದ ಅಂಕಿಗಳನ್ನೆಲ್ಲ ಓದಿ, ಒಂದನ್ನೇ ಅಲ್ಲ. ಔಷಧಿ ಕೊಟ್ಟೂ ಅಂಕಿ ಏರದಿದ್ದರೆ ರೋಗಿ ಸುಳ್ಳು ಹೇಳುತ್ತಿದ್ದಾಳೆ ಎನ್ನುವ ಮೊದಲು ನಿಮ್ಮ ಟೆಸ್ಟ್ ಸರಿಯಾಗಿತ್ತೇ ನೋಡಿ. ಅಂಕಿ ವಿಚಿತ್ರ ಎನಿಸಿದರೆ ಕುರ್ಚಿಯಿಂದ ಎದ್ದು ಹೋಗಿ ಮನುಷ್ಯರ ಮುಖ ನೋಡಿ. ಈ ಕೊನೆಯದನ್ನು ಮಾಡಲು ಮಿಷಿನ್ನಿಗೆ ಕಾಲಿಲ್ಲ.

ಪುಟ್ಟತಾಯಮ್ಮ ಈಗಲೂ ಗಟ್ಟಿಯಾಗಿದ್ದಾರೆ. ಗಾಡಿ ಮಾತ್ರ ಬಿಟ್ಟಿದ್ದಾರೆ. ನಾನು ಕೆಲಸದಲ್ಲಿ ಇರುವವರೆಗೂ ಅವರ ನೆಂಟರಿಷ್ಟರಲ್ಲಿ ಯಾವ ಹುಡುಗ ಹುಡುಗಿಗೆ ಸಂಬಂಧ ನೋಡಿದರೂ ಇಬ್ಬರನ್ನೂ ಎಳೆದುಕೊಂಡು ಲ್ಯಾಬಿಗೆ ಬರುತ್ತಿದ್ದರು. "ಮೊದ್ಲು ರಕ್ತ ನೋಡ್ಬುಡಿ ತಾಯಿ, ಜಾತಕ ಆಮೇಲೆ ನೋಡುಸ್ತೀನಿ" ಎನ್ನುತ್ತಿದ್ದರು. ಜೋಡಿಗಳು ನಾಚಿಕೊಂಡು ಬೇರೆ ಬೇರೆ ಬೆಂಚಿನಲ್ಲಿ ಕೂರುತ್ತಿದ್ದವು. ನಮ್ಮವರು ಅದಕ್ಕೆ ಪುಟ್ಟತಾಯಮ್ಮನ ವಧೂವರರ ಕೇಂದ್ರ ಎಂದು ಹೆಸರಿಟ್ಟಿದ್ದರು.

ಈಗ ನಯನಾಳ ಫೋನಿನ ವಿಷಯ. ಹೋದ ತಿಂಗಳು ಅವಳು ಒಂದು ಕಾಲೇಜಿನಲ್ಲಿ ಶಿಬಿರ ಮಾಡಿದ್ದಳು. ಸಾಲಿನಲ್ಲಿ ನಿಂತ ಹುಡುಗಿಯರ ಬೆರಳು ಚುಚ್ಚಿ, ಹಿಮೋಗ್ಲೋಬಿನ್ ನೋಡಿ, ಕಡಿಮೆ ಇದ್ದವರಿಗೆ ಮಾತ್ರೆ ಕೊಡುವ ಕೆಲಸ. ಒಬ್ಬ ಹುಡುಗಿಯದು ಕಡಿಮೆ ಬಂತು. ನಯನಾ ಮಾತ್ರೆಯ ಪೊಟ್ಟಣ ಚಾಚುತ್ತಾ, ಇಷ್ಟು ರಕ್ತ ಕಮ್ಮಿ ಆದರೆ ಹೇಗಮ್ಮಾ, ಊಟ ಸರಿಯಾಗಿ ಮಾಡುವುದಿಲ್ಲವಾ ಎಂದು ಕೇಳಿದಳಂತೆ. ಹಿಂದೆ ನಿಂತಿದ್ದ ಗೆಳತಿಯರು ಕಿಸಕ್ಕೆಂದರಂತೆ. ಆ ಹುಡುಗಿ ಮಾತ್ರ ತಲೆ ತಗ್ಗಿಸಲಿಲ್ಲವಂತೆ.

"ನನಗೆ ರಕ್ತ ಕಮ್ಮಿ ಇಲ್ಲ ಮೇಡಂ, ಕಣ ಚಿಕ್ಕದು ಅಷ್ಟೇ. ಪೂರ್ತಿ ಕೌಂಟ್ ಮಾಡ್ಸಿ ನೋಡಿ, ಕೆಂಪುಕಣ ಜಾಸ್ತಿನೇ ಇರುತ್ತೆ" ಎಂದಳಂತೆ. ಆಮೇಲೆ ನಗುತ್ತಲೇ, "ನಮ್ಮಮ್ಮಂಗೂ ಹಿಂಗೇ, ನಮ್ಮಜ್ಜಿಗೂ ಹಿಂಗೇ" ಎಂದಳಂತೆ.

ಹುಡುಗಿಯ ಹೆಸರೇನು ಎಂದು ನಾನು ಕೇಳಲಿಲ್ಲ. ಯಾವ ಕಡೆಯವಳಂತೆ ಎಂದಷ್ಟೇ ಕೇಳಿದೆ.

"ಬೋಗಾದಿಯವಳು ಮೇಡಂ. ಬಾಯಿ ಸ್ವಲ್ಪ ಜೋರು" ಎಂದಳು ನಯನಾ.